ಉರಿಸುವ ಎಣ್ಣೆ: ಜೈವಿಕ ಡೀಸೆಲ್‌ನ ಚರಿತ್ರೆ ಮತ್ತು ಜನಪದ ವಿವೇಕ

ಪೀಠಿಕೆ

ಯಾವುದೇ ವಸ್ತುವಿನ ಚರಿತ್ರೆಯನ್ನು ಅರಸುವವರಿಗೆ ಆ ವಸ್ತುವಿನ ಹೆಸರೇ ಮೊದಲ ದಾಖಲೆಯಾಗುತ್ತದೆ. ಕನ್ನಡದ ‘ಎಣ್ಣೆ’ ಎಂಬ ಪದವನ್ನು ಭಾಷಾವಿಜ್ಞಾನಿಗಳು ‘ಎಳ್’ ಮತ್ತು ‘ನೆಯ್’ ಎಂದು ಬಿಡಿಸುತ್ತಾರೆ. ಎಳ್ಳಿನಿಂದ ತೆಗೆದ ಜಿಡ್ಡು ಎಂಬುದು ಅದರ ಮೂಲಾರ್ಥ. ಸಂಸ್ಕೃತದ ‘ತೈಲ’ವೂ ‘ತಿಲ’ದಿಂದಲೇ ಹುಟ್ಟಿದ ಪದ. ಕಾಲಕ್ರಮದಲ್ಲಿ ಈ ಹೆಸರು ಎಳ್ಳನ್ನು ದಾಟಿ ಕೊಬ್ಬರಿ, ಹರಳು, ಹೊಂಗೆ, ಇಪ್ಪೆಗಳ ಜಿಡ್ಡಿಗೂ ವ್ಯಾಪಿಸಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹಡಗುಗಳಲ್ಲಿ ಬಂದಿಳಿದ ಖನಿಜ ತೈಲವನ್ನು ನಮ್ಮ ಜನ ‘ಸೀಮೆಎಣ್ಣೆ’ ಎಂದು ಕರೆದರು. ಸೀಮೆಸುಣ್ಣ, ಸೀಮೆಹಸುಗಳಂತೆ ಅದೂ ಹೊರಗಿನಿಂದ ಬಂದದ್ದು ಎಂಬ ಅರಿವು ಆ ಹೆಸರಿನಲ್ಲಿಯೇ ಉಳಿದುಕೊಂಡಿತು. ಮುಂದೆ ಬಂದ ‘ಡೀಸೆಲ್’ ಎಂಬುದಾದರೋ ವಸ್ತುವಿನ ಹೆಸರೇ ಅಲ್ಲ, ಒಬ್ಬ ಜರ್ಮನ್ ಯಂತ್ರತಜ್ಞನ ಮನೆತನದ ಹೆಸರು. ಈಗ ನಮ್ಮ ಸರ್ಕಾರಿ ಕಡತಗಳಲ್ಲಿ ಬಳಕೆಯಲ್ಲಿರುವ ‘ಜೈವಿಕ ಡೀಸೆಲ್’ ಈ ಹೆಸರುಗಳ ಸಾಲಿನಲ್ಲಿ ತೀರ ಈಚಿನದು.

ಸಸ್ಯಜನ್ಯ ಎಣ್ಣೆ, ಪ್ರಾಣಿಜನ್ಯ ಕೊಬ್ಬು ಹಾಗೂ ಬಳಸಿ ಉಳಿದ ಅಡುಗೆಎಣ್ಣೆಗಳಿಂದ ಇಂಧನ ತಯಾರಿಸುವ ವಿದ್ಯೆಯ ಚರಿತ್ರೆಯನ್ನು ಸಾಮಾನ್ಯವಾಗಿ ಯುರೋಪಿನ ಪ್ರಯೋಗಶಾಲೆಗಳಿಂದ ಆರಂಭಿಸುವುದು ರೂಢಿ. ಯಂತ್ರದ ಚರಿತ್ರೆಗೆ ಅದು ಸಲ್ಲುತ್ತದೆ. ಆದರೆ ಎಣ್ಣೆಯನ್ನು ಉರಿಸಿ ಬೆಳಕನ್ನೂ ಬಲವನ್ನೂ ಪಡೆಯುವ ತಿಳಿವಳಿಕೆಯ ಚರಿತ್ರೆ ಅದಕ್ಕಿಂತ ಬಹಳ ಹಳೆಯದು. ಯಾವ ಎಣ್ಣೆಯನ್ನು ತಿನ್ನಬೇಕು, ಯಾವುದನ್ನು ಉರಿಸಬೇಕು, ಯಾವುದು ನಿಜವಾಗಿಯೂ ತ್ಯಾಜ್ಯ ಎಂಬ ಪ್ರಶ್ನೆಗಳಿಗೆ ಜನಪದರು ತಮ್ಮದೇ ಆದ ಉತ್ತರಗಳನ್ನು ಕಂಡುಕೊಂಡಿದ್ದರು. ಕಳೆದ ಎರಡು ದಶಕಗಳ ಜೈವಿಕ ಇಂಧನ ಯೋಜನೆಗಳು ಎಲ್ಲಿ ಆ ಉತ್ತರಗಳಿಗೆ ಹತ್ತಿರವಾದವೋ ಅಲ್ಲಿ ಅಲ್ಪಸ್ವಲ್ಪವಾದರೂ ಬೇರೂರಿದವು. ಎಲ್ಲಿ ಅವುಗಳನ್ನು ಕಡೆಗಣಿಸಿದವೋ ಅಲ್ಲಿ ಒಣಗಿದವು. ಇದನ್ನು ಕರ್ನಾಟಕದ ನಿದರ್ಶನಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ದೀಪದ ಎಣ್ಣೆ, ಗಾಣದ ಲೋಕ

ಕನ್ನಡ ಶಾಸನಗಳಲ್ಲಿ ಎಣ್ಣೆ ಕಾಣಿಸಿಕೊಳ್ಳುವುದು ಬಹುಮಟ್ಟಿಗೆ ಬೆಳಕಿನ ನೆಪದಿಂದ. ದೇವಾಲಯದ ನಂದಾದೀವಿಗೆಗೆಂದು ಗಾಣವೊಂದಕ್ಕೆ ಇಷ್ಟು ಮಾನ, ಇಷ್ಟು ಸೊಲ್ಲಿಗೆ ಎಣ್ಣೆ ಎಂದು ದತ್ತಿ ಬಿಟ್ಟ ಉಲ್ಲೇಖಗಳು ಹೇರಳವಾಗಿವೆ. ಕಲ್ಲುಗಾಣವನ್ನೇ ಮಾಡಿಸಿಕೊಟ್ಟು ಅದರ ಮೇಲೆ ಅಕ್ಷರ ಕೊರೆಸಿದ ನಿದರ್ಶನಗಳೂ ಉಂಟು. ಗಾಣದ ಮೇಲಿನ ತೆರಿಗೆಗೆ ‘ಗಾಣದೆರೆ’ ಎಂಬ ಹೆಸರಿದ್ದಿತು. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ ‘ತೆಲ್ಲಿಗರ ಐವತ್ತೊಕ್ಕಲು’ ಎಂಬ ಎಣ್ಣೆಗಾರರ ಸಂಘ ದತ್ತಿಗಳನ್ನು ನೀಡುವ ಹಾಗೂ ನಡೆಸಿಕೊಂಡುಬರುವ ಹೊಣೆಗಾರಿಕೆಯಲ್ಲಿ ಕಾಣಿಸಿಕೊಳ್ಳುತ್ತದೆ. ಹನ್ನೆರಡನೆಯ ಶತಮಾನದ ಶರಣರ ಸಮೂಹದಲ್ಲಿ ಗಾಣದ ಕಣ್ಣಪ್ಪನಿಗೆ ಸ್ಥಾನವಿದೆ. ಗಾಣಿಗ ಸಮುದಾಯದ ಒಳಪಂಗಡಗಳಿಗೆ ಜ್ಯೋತಿಪಣ, ಜ್ಯೋತಿನಗರ ಎಂಬ ಹೆಸರುಗಳಿರುವುದು ಗಮನಾರ್ಹ. ತಮ್ಮ ಕಸುಬು ಅಡುಗೆಮನೆಗೆ ಎಣ್ಣೆ ಒದಗಿಸುವುದಷ್ಟೇ ಅಲ್ಲ, ಊರಿಗೆ ಬೆಳಕು ಒದಗಿಸುವುದು ಎಂಬ ಆತ್ಮಗೌರವ ಆ ಹೆಸರುಗಳ ಹಿಂದಿದೆ.

ಗ್ರಾಮೀಣ ಬದುಕಿನಲ್ಲಿ ಎಣ್ಣೆಗಳಿಗೆ ಸ್ಪಷ್ಟವಾದ ಶ್ರೇಣಿಯೊಂದು ಇದ್ದಿತು. ಎಳ್ಳು, ಕಡಲೆಕಾಯಿ, ಕುಸುಬೆ, ಹುಚ್ಚೆಳ್ಳು, ಕೊಬ್ಬರಿಗಳ ಎಣ್ಣೆ ಬಾಯಿಗೆ ಸಲ್ಲುವಂಥದು. ದೇವರ ಮುಂದಿನ ಹಣತೆಗೆ ಎಳ್ಳೆಣ್ಣೆ, ಇಪ್ಪೆಎಣ್ಣೆ, ಹರಳೆಣ್ಣೆ. ಅಡುಗೆಮನೆ, ಹಟ್ಟಿ, ಕೊಟ್ಟಿಗೆಗಳ ದೀಪಕ್ಕೆ ಬಯಲುಸೀಮೆಯಲ್ಲಿ ಹೊಂಗೆಎಣ್ಣೆ, ಕರಾವಳಿಯಲ್ಲಿ ಹೊನ್ನೆಎಣ್ಣೆ. ಇಲ್ಲಿ ಹೊನ್ನೆ ಎಂದರೆ ಕಡಲಂಚಿನಲ್ಲಿ ಬೆಳೆಯುವ, ಸುರಹೊನ್ನೆಯೆಂದೂ ಕರೆಯಲಾಗುವ ಮರವೇ ಹೊರತು ನಾಟಾಕ್ಕೆ ಹೆಸರಾದ ಹೊನ್ನೆಯಲ್ಲ. ಹೊಂಗೆ, ಹೊನ್ನೆ, ಬೇವುಗಳ ಎಣ್ಣೆ ಕಹಿ, ತಿನ್ನಲು ಬಾರದು. ಹೊಂಗೆಯ ಕಹಿಗೆ ಕರಂಜಿನ್ ಮೊದಲಾದ ರಾಸಾಯನಿಕಗಳು ಕಾರಣವೆಂದು ವಿಜ್ಞಾನ ಹೇಳುತ್ತದೆ. ಆ ಕಹಿಯೇ ಎಣ್ಣೆಯನ್ನು ಹುಳುಹುಪ್ಪಟೆಗಳಿಂದಲೂ ಮನುಷ್ಯನ ಹೊಟ್ಟೆಯಿಂದಲೂ ಕಾಪಾಡಿ ದೀಪಕ್ಕೆ ಉಳಿಸಿತು ಎನ್ನಬೇಕು.

ತುಮಕೂರು ಸೀಮೆಯಲ್ಲಿ ಕ್ಷೇತ್ರಕಾರ್ಯ ನಡೆಸುತ್ತಿದ್ದಾಗ, ಗಾಣ ನಿಂತು ಎಷ್ಟೋ ವರ್ಷಗಳಾಗಿದ್ದ ಮನೆಯೊಂದರ ಜಗಲಿಯಲ್ಲಿ ಕುಳಿತು ಹಿರಿಯಜ್ಜಿಯೊಬ್ಬರು ಆಡಿದ ಮಾತು ಈ ಶ್ರೇಣಿಯ ತಿರುಳನ್ನು ಹಿಡಿದಿಡುತ್ತದೆ: “ತಿನ್ನೋ ಎಣ್ಣೆ ಬ್ಯಾರೆ, ಉರ್ಸೋ ಎಣ್ಣೆ ಬ್ಯಾರೆ ಕಣಪ್ಪ. ತಿನ್ನೋದನ್ನ ಉರ್ಸಿದ್ರೆ ಮನೆ ಬಡವಾಯ್ತದೆ, ಉರ್ಸೋದನ್ನ ತಿಂದ್ರೆ ಮೈ ಕೆಡ್ತದೆ.” ಇದು ಗಾದೆಯೋ ಅಥವಾ ಅಜ್ಜಿಯ ಸ್ವಂತ ಮಾತೋ ತಿಳಿಯದು. ಆದರೆ ಮುಂದೆ ವಿವರಿಸಲಿರುವ ಇಡೀ ಚರಿತ್ರೆಯನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ಈ ಲೇಖಕನಿಗೆ ದೊರೆತಿಲ್ಲ.

ಹೊಂಗೆಯ ಸುತ್ತ ಇದ್ದ ದುಡಿಮೆಯೂ ಗಮನಿಸತಕ್ಕದ್ದು. ಬದುವಿನ ಮೇಲೆ, ಕೆರೆಯ ಏರಿಯ ಬಳಿ, ಗುಂಡುತೋಪಿನಲ್ಲಿ ತಾನಾಗಿ ಬೆಳೆದ ಮರದ ಕೆಳಗೆ ಬೇಸಗೆಯ ಮೊದಲಲ್ಲಿ ಕಾಯಿ ಉದುರುತ್ತದೆ. ಹೆಂಗಸರು ಮಕ್ಕಳು ಗುಡಿಸಿ ತಂದು, ಒಣಗಿಸಿ, ಬಡಿದು ಬೀಜ ಬಿಡಿಸುತ್ತಾರೆ. ಸುಮಾರು ನಾಲ್ಕು ಕಿಲೋ ಬೀಜಕ್ಕೆ ಒಂದು ಕಿಲೋದಷ್ಟು ಎಣ್ಣೆ, ಉಳಿದದ್ದು ಹಿಂಡಿ. ಹಿಂಡಿ ತೋಟಕ್ಕೆ ಗೊಬ್ಬರ, ಸೊಪ್ಪು ಗದ್ದೆಗೆ ಹಸಿರು ಗೊಬ್ಬರ, ಹೂವು ಜೇನಿಗೆ, ನೆರಳು ದಾರಿಹೋಕರಿಗೆ. ದ್ವಿದಳ ಕುಲಕ್ಕೆ ಸೇರಿದ ಈ ಮರ ಮಣ್ಣಿಗೆ ಸಾರಜನಕವನ್ನೂ ಸೇರಿಸುತ್ತದೆ. ತೇವ ಆರದ ಬೀಜದಿಂದ ಬಂದ ಎಣ್ಣೆ ಕಮಟು ಹಿಡಿಯುತ್ತದೆಂದು ಮಳೆಗೆ ಮುಂಚೆಯೇ ಗಾಣಕ್ಕೆ ಒಯ್ಯುವ ಎಚ್ಚರವಿದ್ದಿತು. ಈ ಕಮಟಿನ ವಿಷಯ ಮುಂದೆ ರಸಾಯನಶಾಸ್ತ್ರದ ಭಾಷೆಯಲ್ಲಿ ಮತ್ತೆ ಎದುರಾಗಲಿದೆ.

ಸೀಮೆಎಣ್ಣೆ ಬಂದ ಮೇಲೆ ಈ ಲೋಕ ಮೆಲ್ಲನೆ ಹಿಂದೆ ಸರಿಯಿತು. ಬುಡ್ಡಿಗೆ ಸೀಮೆಎಣ್ಣೆ ತುಂಬಿತು; ಹೊಂಗೆಬೀಜ ಸಾಬೂನು ಮತ್ತು ಚರ್ಮ ಹದಮಾಡುವ ಉದ್ಯಮಗಳ ದಲ್ಲಾಳಿಗಳ ಕೈಗೆ ಹೋಯಿತು. ಎತ್ತಿನ ಗಾಣದ ಜಾಗಕ್ಕೆ ಯಂತ್ರದ ಗಾಣ ಬಂದಿತು. ಆ ಯಂತ್ರವನ್ನು ಹಲವೆಡೆ ತಿರುಗಿಸುತ್ತಿದ್ದದ್ದು ಡೀಸೆಲ್ ಇಂಜಿನ್.

ಕಡಲೆಕಾಯಿಎಣ್ಣೆಯ ಐತಿಹ್ಯ

ಆ ಇಂಜಿನ್ನಿನ ಕಥೆಗೆ ಈಗ ಬರಬಹುದು. ಪ್ರತಿವರ್ಷ ಆಗಸ್ಟ್ ೧೦ನ್ನು ‘ವಿಶ್ವ ಜೈವಿಕ ಇಂಧನ ದಿನ’ವೆಂದು ಆಚರಿಸಲಾಗುತ್ತದೆ. ಭಾರತ ಸರ್ಕಾರದ ಪೆಟ್ರೋಲಿಯಂ ಸಚಿವಾಲಯ ೨೦೧೫ರಿಂದ ಇದನ್ನು ಆಚರಿಸುತ್ತ ಬಂದಿದೆ. ೧೮೯೩ರ ಅದೇ ದಿನ ರುಡಾಲ್ಫ್ ಡೀಸೆಲ್ ತನ್ನ ಇಂಜಿನ್ನನ್ನು ಕಡಲೆಕಾಯಿಎಣ್ಣೆಯಿಂದ ಓಡಿಸಿದನೆಂಬುದು ಆಚರಣೆಗೆ ಕೊಡಲಾಗುವ ಕಾರಣ. ಭಾಷಣಗಳಲ್ಲಿ, ಕರಪತ್ರಗಳಲ್ಲಿ, ಪಠ್ಯಗಳಲ್ಲಿ ಇದು ಪುನರುಕ್ತವಾಗುತ್ತಿರುತ್ತದೆ.

ವಾಸ್ತವ ಸಂಗತಿ ಬೇರೆಯೇ ಇದೆ. ೧೮೯೩ರ ಆಗಸ್ಟ್ ೧೦ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಡೀಸೆಲ್ ತನ್ನ ಮೊದಲ ಇಂಜಿನ್ನಿಗೆ ಇಂಧನ ಹಾಯಿಸಿ ಪರೀಕ್ಷಿಸಿದ್ದು ನಿಜ. ಆದರೆ ಆ ಇಂಧನ ಪೆಟ್ರೋಲ್ ಬಗೆಯ ಖನಿಜ ತೈಲ. ಇಂಧನ ಹೊತ್ತಿಕೊಂಡ ರಭಸಕ್ಕೆ ಒತ್ತಡ ಅಳೆಯುವ ಉಪಕರಣ ಸಿಡಿದುಹೋಯಿತು. ಇಂಜಿನ್ ತನ್ನ ಬಲದಿಂದಲೇ ಓಡಿದ್ದು ೧೮೯೪ರ ಫೆಬ್ರವರಿಯಲ್ಲಿ. ಜಗತ್ತು ಒಪ್ಪುವಂಥ ದಕ್ಷತೆಯನ್ನು ತೋರಿದ್ದು ೧೮೯೭ರಲ್ಲಿ. ಕಡಲೆಕಾಯಿಎಣ್ಣೆ ಈ ಕಥೆಯೊಳಕ್ಕೆ ಬರುವುದು ೧೯೦೦ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ. ಅಲ್ಲಿ ಆಟೋ ಕಂಪನಿಯವರು ಪ್ರದರ್ಶಿಸಿದ ಒಂದು ಸಣ್ಣ ಡೀಸೆಲ್ ಇಂಜಿನ್ ಫ್ರೆಂಚ್ ಸರ್ಕಾರದ ಕೋರಿಕೆಯ ಮೇರೆಗೆ ಕಡಲೆಕಾಯಿಎಣ್ಣೆಯಿಂದ ಓಡಿತು. ಖನಿಜ ತೈಲಕ್ಕೆಂದು ನಿರ್ಮಿಸಿದ ಯಂತ್ರ ಯಾವ ಬದಲಾವಣೆಯೂ ಇಲ್ಲದೆ ಅಷ್ಟು ನಯವಾಗಿ ನಡೆಯಿತೆಂದೂ ಕೆಲವರ ಹೊರತು ಯಾರ ಗಮನಕ್ಕೂ ಅದು ಬರಲಿಲ್ಲವೆಂದೂ ಡೀಸೆಲ್ ೧೯೧೨ರಲ್ಲಿ ಬರೆದಿದ್ದಾನೆ. ಅಂದರೆ ಈ ಪ್ರಯೋಗದ ಕೋರಿಕೆ ಫ್ರೆಂಚ್ ಸರ್ಕಾರದ್ದು, ಪ್ರದರ್ಶನ ಕಂಪನಿಯದು. ಡೀಸೆಲ್ ತಾನೂ ಮುಂದೆ ಇಂತಹ ಪ್ರಯೋಗಗಳನ್ನು ನಡೆಸಿ ಸಸ್ಯಜನ್ಯ ಎಣ್ಣೆಗೆ ಭವಿಷ್ಯವಿದೆಯೆಂದು ನಂಬಿದ್ದನಾದರೂ ಇಂಜಿನ್ನಿನ ಹುಟ್ಟಿಗೂ ಕಡಲೆಕಾಯಿಗೂ ನೇರ ಸಂಬಂಧವಿಲ್ಲ.

ಇತಿಹಾಸಕಾರರು ಇದನ್ನು ತಪ್ಪೆಂದು ತಿದ್ದಿ ಮುಂದೆ ಹೋಗಬಹುದು. ಜಾನಪದ ಅಧ್ಯಯನಕಾರರು ಇಲ್ಲಿ ಕೊಂಚ ನಿಲ್ಲಬೇಕಾಗುತ್ತದೆ. ಎರಡು ಘಟನೆಗಳು ಒಂದಾಗುವುದು, ಸಂಸ್ಥೆಯೊಂದರ ಕೆಲಸ ವೀರನೊಬ್ಬನ ಕೆಲಸವಾಗುವುದು, ಅದಕ್ಕೊಂದು ದಿನ ಗೊತ್ತಾಗಿ ಆಚರಣೆ ಹುಟ್ಟುವುದು ಇವೆಲ್ಲ ಐತಿಹ್ಯವೊಂದು ಬೆಳೆಯುವ ಸಹಜ ಕ್ರಮ. ಕೆರೆ ಕಟ್ಟಿಸಿದವರ, ಊರು ಕಟ್ಟಿದವರ ಕಥೆಗಳಲ್ಲಿ ನಾವು ಕಾಣುವುದೂ ಇದನ್ನೇ. ಆಧುನಿಕ ತಂತ್ರಜ್ಞಾನವೂ ತನ್ನ ಮೂಲಪುರಾಣವನ್ನು ಕಟ್ಟಿಕೊಳ್ಳುತ್ತದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಆದರೆ ಯಾವ ಐತಿಹ್ಯವೂ ಏನನ್ನೋ ನೆನಪಿಡುವಾಗ ಮತ್ತೇನನ್ನೋ ಮರೆಸುತ್ತದೆ. ಇಲ್ಲಿ ಮರೆತುಹೋದದ್ದು ಫ್ರೆಂಚ್ ಸರ್ಕಾರದ ಉದ್ದೇಶ. ಆಫ್ರಿಕದ ವಸಾಹತುಗಳಲ್ಲಿ ಕಡಲೆಕಾಯಿ ಯಥೇಚ್ಛವಾಗಿ ಬೆಳೆಯುತ್ತಿತ್ತು. ಕಲ್ಲಿದ್ದಲನ್ನಾಗಲಿ ಖನಿಜ ತೈಲವನ್ನಾಗಲಿ ಹೊರಗಿನಿಂದ ಸಾಗಿಸದೆ ಅಲ್ಲಿಯ ಎಣ್ಣೆಯಿಂದಲೇ ಅಲ್ಲಿಯ ಉದ್ಯಮಗಳಿಗೆ ಬಲ ಒದಗಿಸಬಹುದೇ ಎಂಬುದು ಅವರ ಲೆಕ್ಕಾಚಾರವಾಗಿದ್ದಿತು. ಉಣ್ಣುವ ಬೆಳೆಯನ್ನು ಇಂಧನವಾಗಿ ಕಾಣುವ ದೃಷ್ಟಿ ಈ ಚರಿತ್ರೆಯ ಮೊದಲ ಪುಟದಲ್ಲಿಯೇ ಇದ್ದಿತು ಎಂಬುದನ್ನು ಅಲ್ಲಗಳೆಯುವಂತಿಲ್ಲ.

ಎಣ್ಣೆಯಿಂದ ಜೈವಿಕ ಡೀಸೆಲ್‌ಗೆ

ಹಸಿ ಎಣ್ಣೆಯನ್ನು ಇಂಜಿನ್ನಿಗೆ ಹಾಕಿದರೆ ಓಡುತ್ತದೆ, ಆದರೆ ಬಹುಕಾಲ ನಿರಾತಂಕವಾಗಿ ಓಡುವುದಿಲ್ಲ. ಸಸ್ಯಜನ್ಯ ಎಣ್ಣೆ ಡೀಸೆಲ್‌ಗಿಂತ ಸುಮಾರು ಹತ್ತು ಪಟ್ಟು ಮಂದ. ಅದು ಸಣ್ಣ ಹನಿಗಳಾಗಿ ಸಿಡಿಯದೆ ಅರೆಬೆಂದು ಇಂಜಿನ್ನಿನೊಳಗೆ ಮಸಿ ಕಟ್ಟುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಧನದ ಅಭಾವ ತಲೆದೋರಿದಾಗ ಭಾರತೀಯ ವಿಜ್ಞಾನಿಗಳೂ ದೇಶೀಯ ಎಣ್ಣೆಗಳನ್ನು ಡೀಸೆಲ್ ಇಂಜಿನ್ನುಗಳಲ್ಲಿ ಪರೀಕ್ಷಿಸಿ ೧೯೪೨ರಲ್ಲಿ ಪ್ರಬಂಧ ಪ್ರಕಟಿಸಿದ್ದರು. ಯುದ್ಧ ಮುಗಿದು ಅಗ್ಗದ ಖನಿಜ ತೈಲ ಮತ್ತೆ ಹರಿದುಬಂದಾಗ ಈ ಬಗೆಯ ಯತ್ನಗಳು ಎಲ್ಲೆಡೆ ಮಸುಕಾದವು.

ಮಂದತೆಯನ್ನು ನೀಗುವ ಉಪಾಯ ಅಷ್ಟರಲ್ಲಾಗಲೇ ಗೊತ್ತಿದ್ದಿತು. ಎಣ್ಣೆಯನ್ನು ಮದ್ಯಸಾರದೊಂದಿಗೆ ವರ್ತಿಸುವಂತೆ ಮಾಡಿ ಗ್ಲಿಸರಿನ್ ಬೇರ್ಪಡಿಸುವ ಕ್ರಿಯೆಯನ್ನು ೧೮೫೩ರಷ್ಟು ಹಿಂದೆಯೇ, ಡೀಸೆಲ್ ಹುಟ್ಟುವುದಕ್ಕೂ ಮೊದಲು, ಪ್ಯಾಟ್ರಿಕ್ ಡಫಿ ಎಂಬಾತ ವಿವರಿಸಿದ್ದನು. ಅದನ್ನು ಇಂಧನಕ್ಕೆ ಅನ್ವಯಿಸಿ ಪೇಟೆಂಟ್ ಪಡೆದವನು ಬೆಲ್ಜಿಯಂನ ಶಾವಾನ್, ೧೯೩೭ರಲ್ಲಿ. ತಾಳೆಎಣ್ಣೆಯಿಂದ ಹಾಗೆ ತಯಾರಿಸಿದ ಇಂಧನದಿಂದ ೧೯೩೮ರಲ್ಲಿ ಬ್ರಸೆಲ್ಸ್ ಮತ್ತು ಲೂವೇನ್ ನಗರಗಳ ನಡುವೆ ಬಸ್ಸೊಂದು ಓಡಿತು. ಆ ತಾಳೆಎಣ್ಣೆಯೂ ಬೆಲ್ಜಿಯಂನ ವಸಾಹತಾಗಿದ್ದ ಕಾಂಗೋದ ಉತ್ಪನ್ನವೇ.

ಕ್ರಿಯೆಯ ಸ್ವರೂಪ ಸರಳವಾದುದು. ಎಣ್ಣೆಯ ಪ್ರತಿಯೊಂದು ಅಣುವಿನಲ್ಲಿ ಗ್ಲಿಸರಿನ್‌ನ ಬೆನ್ನಿಗೆ ಮೂರು ಕೊಬ್ಬಿನಾಮ್ಲಗಳು ಅಂಟಿಕೊಂಡಿರುತ್ತವೆ. ಕಾಸ್ಟಿಕ್ ಸೋಡವನ್ನು ಕರಗಿಸಿದ ಮೆಥನಾಲನ್ನು ಎಣ್ಣೆಗೆ ಬೆರೆಸಿ ಸುಮಾರು ೬೦ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕಲಕಿದರೆ ಆ ಮೂರೂ ಗ್ಲಿಸರಿನ್‌ನಿಂದ ಬಿಡಿಸಿಕೊಂಡು ಮೆಥನಾಲನ್ನು ಕೂಡಿಕೊಳ್ಳುತ್ತವೆ. ಹೀಗಾದ ಮೀಥೈಲ್ ಎಸ್ಟರೇ ಜೈವಿಕ ಡೀಸೆಲ್. ನಿಲ್ಲಬಿಟ್ಟರೆ ಭಾರವಾದ ಗ್ಲಿಸರಿನ್ ತಳದಲ್ಲಿ ತಂಗುತ್ತದೆ. ಮೇಲಿನದನ್ನು ಬಸಿದು, ನೀರಿನಲ್ಲಿ ತೊಳೆದು, ತೇವ ಆರಿಸಿದರೆ ಇಂಧನ ಸಿದ್ಧ. ೧೦೦ ಕಿಲೋ ಎಣ್ಣೆಗೆ ೧೦-೧೧ ಕಿಲೋ ಮೆಥನಾಲ್ ಸೇರಿದರೆ ಸುಮಾರು ೧೦೦ ಕಿಲೋ ಇಂಧನ, ೧೦ ಕಿಲೋ ಗ್ಲಿಸರಿನ್ ದೊರೆಯುತ್ತವೆ. ಆದರೆ ಮೆಥನಾಲ್ ವಿಷವಸ್ತು. ಮನೆಯಂಗಳದಲ್ಲಿ ಎಚ್ಚರತಪ್ಪಿ ಮಾಡುವ ಕೆಲಸ ಇದಲ್ಲ. ಅಲ್ಲದೆ ಅದು ಬಹುಪಾಲು ನೈಸರ್ಗಿಕ ಅನಿಲ ಅಥವಾ ಕಲ್ಲಿದ್ದಲಿನಿಂದ ತಯಾರಾಗುವುದರಿಂದ ‘ಜೈವಿಕ’ ಎಂಬ ವಿಶೇಷಣ ಪೂರ್ತಿ ಅನ್ವಯಿಸುವುದಿಲ್ಲ ಎಂಬುದನ್ನೂ ನೆನಪಿಡಬೇಕು.

ಇಲ್ಲಿ ಹಳೆಯ ‘ಕಮಟು’ ಮತ್ತೆ ಎದುರಾಗುತ್ತದೆ. ತೇವ ತಗುಲಿದ ಬೀಜದ ಎಣ್ಣೆಯಲ್ಲಿ, ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಕೊಬ್ಬಿನಾಮ್ಲಗಳು ಬಿಡಿಬಿಡಿಯಾಗಿ ನಿಂತಿರುತ್ತವೆ. ಅವು ಶೇಕಡ ಒಂದೆರಡನ್ನು ಮೀರಿದರೆ ಕಾಸ್ಟಿಕ್ ಸೋಡದೊಡನೆ ಕೂಡಿ ಇಂಧನವಾಗುವ ಬದಲು ಸಾಬೂನಾಗುತ್ತವೆ. ಆದುದರಿಂದ ಇಂತಹ ಎಣ್ಣೆಯನ್ನು ಮೊದಲು ಗಂಧಕಾಮ್ಲದ ನೆರವಿನಿಂದ ಮೆಥನಾಲಿನೊಂದಿಗೆ ವರ್ತಿಸುವಂತೆ ಮಾಡಿ, ಬಳಿಕ ಎರಡನೆಯ ಹಂತಕ್ಕೆ ಒಯ್ಯಬೇಕಾಗುತ್ತದೆ. ಹೊಂಗೆಗೂ ಕರಿದ ಎಣ್ಣೆಗೂ ಸಮಾನವಾದ ಸಮಸ್ಯೆ ಇದು. ಮಳೆಗೆ ಮುನ್ನ ಬೀಜ ಒಣಗಿಸುತ್ತಿದ್ದ ಹೆಂಗಸರ ಎಚ್ಚರ ಇಂದಿನ ಕಾರ್ಖಾನೆಗೂ ಲಾಭವೇ.

ಬಳಸಿ ಉಳಿದ ಎಣ್ಣೆಯನ್ನು ಈ ದಾರಿಯಲ್ಲಿ ಮೊದಲಿಗೆ ವ್ಯವಸ್ಥಿತವಾಗಿ ನಡೆಸಿದ ಊರುಗಳಲ್ಲಿ ಆಸ್ಟ್ರಿಯದ ಗ್ರಾಟ್ಸ್ ಮುಖ್ಯವಾದುದು. ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಮಿಟೆಲ್‌ಬಾಖ್ ಮೊದಲಾದವರು ನಡೆಸಿದ ಸಂಶೋಧನೆಯ ಬಲದಿಂದ, ಹೋಟೆಲು ಮತ್ತು ಮನೆಗಳಿಂದ ಸಂಗ್ರಹಿಸಿದ ಕರಿದ ಎಣ್ಣೆಯ ಇಂಧನದಲ್ಲಿ ನಗರದ ಬಸ್ಸುಗಳು ೧೯೯೪ರಿಂದ ಓಡತೊಡಗಿದವು.

ಕರ್ನಾಟಕದ ಪ್ರಯೋಗಗಳು: ಹೊಂಗೆ ಮತ್ತು ಕಾಡುಹರಳು

ಯುರೋಪಿನಲ್ಲಿ ಇದು ನಡೆಯುತ್ತಿದ್ದ ಕಾಲಕ್ಕೆ ಕರ್ನಾಟಕದಲ್ಲಿ ಮತ್ತೊಂದು ದಾರಿ ತೆರೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಯಂತ್ರಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಉಡುಪಿ ಶ್ರೀನಿವಾಸ ಅವರು ‘ಸೂತ್ರ’ ಎಂಬ ಗ್ರಾಮೀಣ ಕಾರ್ಯಕ್ರಮದ ಅಂಗವಾಗಿ ಹೊಂಗೆಎಣ್ಣೆಯನ್ನು ಡೀಸೆಲ್ ಇಂಜಿನ್ನುಗಳಿಗೆ ಬಳಸುವ ಪ್ರಯೋಗವನ್ನು ಕೈಗೊಂಡರು. ಕಗ್ಗನಹಳ್ಳಿಯಲ್ಲಿ ಹೊಂಗೆಎಣ್ಣೆಯ ಜನರೇಟರ್ ಕೊಳವೆಬಾವಿಯ ನೀರನ್ನು ಒಣಹೊಲಗಳಿಗೆ ಎತ್ತಿತು. ಗ್ರಾಮೀಣ ಭಾರತದಲ್ಲಿ ಡೀಸೆಲ್‌ಗೆ ಬದಲಿಯಾಗಿ ಹೊಂಗೆಎಣ್ಣೆ ನಿಲ್ಲಬಲ್ಲದೆಂದು ವಾದಿಸಿದ ಅವರ ಲೇಖನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ೨೦೦೧ರಲ್ಲಿ ಪ್ರಕಟವಾಯಿತು. ಇಲ್ಲಿ ಎಣ್ಣೆಯನ್ನು ಎಸ್ಟರಾಗಿ ಪರಿವರ್ತಿಸಲಿಲ್ಲ. ಹಿಂಡಿ, ಸೋಸಿ, ನೇರವಾಗಿ ಬಳಸಲಾಯಿತು. ತಾಂತ್ರಿಕವಾಗಿ ಇದು ಹಿಂದಿನ ಮೆಟ್ಟಿಲು. ಆದರೆ ಬೀಜ ಹೆಕ್ಕುವವರು, ಹಿಂಡುವವರು, ನೀರು ಪಡೆಯುವವರು ಒಂದೇ ಊರಿನವರಾಗಿರಬಲ್ಲರು ಎಂಬ ಸಾಧ್ಯತೆಯನ್ನು ಅದು ತೋರಿಸಿಕೊಟ್ಟಿತು. ದೀಪಕ್ಕಾಗಿ ಹಿಂಡುತ್ತಿದ್ದ ಎಣ್ಣೆ ಪಂಪಿಗೆ ಸಂದಿತು, ಅಷ್ಟೆ.

ಕೇಂದ್ರದ ಯೋಜನೆ ಹಿಡಿದದ್ದು ಬೇರೆ ಗಿಡವನ್ನು. ಯೋಜನಾ ಆಯೋಗದ ಸಮಿತಿ ೨೦೦೩ರಲ್ಲಿ ಸಲ್ಲಿಸಿದ ವರದಿ ಕಾಡುಹರಳು ಅಥವಾ ಜಟ್ರೋಫವನ್ನು ಮುಂದಿಟ್ಟಿತು. ಮೊದಲ ಹಂತದಲ್ಲಿ ೪ ಲಕ್ಷ ಹೆಕ್ಟೇರ್, ಮುಂದೆ ಒಂದು ಕೋಟಿ ಹೆಕ್ಟೇರಿಗೂ ಮಿಕ್ಕಿ ಬೆಳೆಸಿ, ೨೦೧೧-೧೨ರ ವೇಳೆಗೆ ಡೀಸೆಲ್‌ಗೆ ಶೇಕಡ ೨೦ರಷ್ಟು ಬೆರೆಸುವ ಗುರಿ ಅದರದಾಗಿದ್ದಿತು. ೨೦೦೬ರ ಜನವರಿಯಿಂದ ತೈಲ ಕಂಪನಿಗಳು ನಿಗದಿತ ಬೆಲೆಗೆ ಜೈವಿಕ ಡೀಸೆಲ್ ಖರೀದಿಸಬೇಕೆಂಬ ನೀತಿಯೂ ಜಾರಿಗೆ ಬಂದಿತು. ತಯಾರಿಕೆಯ ವೆಚ್ಚವೇ ಅದಕ್ಕಿಂತ ಹೆಚ್ಚಾದ್ದರಿಂದ ಮಾರುವವರೇ ವಿರಳವಾದರು. ೨೦೦೯ರ ರಾಷ್ಟ್ರೀಯ ನೀತಿ ಶೇಕಡ ೨೦ರ ಗುರಿಯನ್ನು ೨೦೧೭ಕ್ಕೆ ಮುಂದೂಡಿತು. ೨೦೧೮ರ ನೀತಿ ಅದನ್ನು ೨೦೩೦ಕ್ಕೆ ಶೇಕಡ ೫ ಎಂದು ಇಳಿಸಿತು. ಅಷ್ಟು ವರ್ಷ ಕಳೆದ ಮೇಲೂ ದೇಶದ ಮಿಶ್ರಣ ಶೇಕಡ ೧ನ್ನು ಮುಟ್ಟಿರಲಿಲ್ಲ.

ಕಾಡುಹರಳು ಏಕೆ ಸೋತಿತು? ನೀರಿಲ್ಲದ, ಸಾರವಿಲ್ಲದ ನೆಲದಲ್ಲಿ ಅದು ಬದುಕುತ್ತದೆಂಬುದು ಸುಳ್ಳಲ್ಲ. ಆದರೆ ಬದುಕುವುದು ಬೇರೆ, ಫಲ ಕೊಡುವುದು ಬೇರೆ. ಅಮೆರಿಕ ಖಂಡದಿಂದ ಪೋರ್ಚುಗೀಸರ ಕಾಲದಲ್ಲಿ ಹರಡಿದ ಈ ಗಿಡವನ್ನು ನಮ್ಮ ರೈತರು ಬೇಲಿಗೆ ನೆಟ್ಟಿದ್ದರು, ದನ ಬಾಯಿ ಹಾಕುವುದಿಲ್ಲವೆಂಬ ಕಾರಣಕ್ಕೆ. ಶತಮಾನಗಳ ಒಡನಾಟದಲ್ಲಿಯೂ ಅವರು ಅದನ್ನು ಹೊಲದೊಳಕ್ಕೆ ಕರೆದುಕೊಂಡಿರಲಿಲ್ಲ. ಅದರ ಸೊಪ್ಪು ಮೇವಲ್ಲ, ನೆರಳು ಲೆಕ್ಕಕ್ಕಿಲ್ಲ. ಬೇಲಿಗೆ ಸೀಮಿತವಾಗಿದ್ದ ಗಿಡದ ಈ ಸ್ಥಾನವನ್ನೇ ಒಂದು ಅನುಭವಸಿದ್ಧ ತೀರ್ಮಾನವೆಂದು ಯಾರೂ ಓದಲಿಲ್ಲ. ನೀರು ಗೊಬ್ಬರವಿಲ್ಲದ ಕಡೆ ಇಳುವರಿ ನಿರೀಕ್ಷೆಯ ಹತ್ತಿರಕ್ಕೂ ಬರದೆ ರೈತರು ಗಿಡ ಕಿತ್ತರು. ಎಣ್ಣೆ ಬರುವ ಹೊತ್ತಿಗೆ ಗಾಣ ಮುರಿಯಿತೆಂಬ ಗಾದೆಯಿದೆ. ಇಲ್ಲಿ ಎಣ್ಣೆ ಬರುವ ಮುನ್ನವೇ ಮುರಿಯಿತು.

ಕರ್ನಾಟಕ ೨೦೦೯ರಲ್ಲಿ ತನ್ನದೇ ಜೈವಿಕ ಇಂಧನ ನೀತಿಯನ್ನು ರೂಪಿಸಿ, ಅದಕ್ಕಾಗಿ ಮಂಡಳಿಯನ್ನೂ ಸ್ಥಾಪಿಸಿತು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನ ಹಾಸನ ಜಿಲ್ಲೆಯ ಮಡೆನೂರಿನಲ್ಲಿ ಕೆಲಸ ಮಾಡಿ, ಹೊಂಗೆ, ಬೇವು, ಇಪ್ಪೆ, ಸಿಮರೂಬಗಳನ್ನು ಬದುಗಳಲ್ಲಿ ಬೆಳೆಸುವ, ಬೀಜ ಸಂಗ್ರಹಿಸುವ, ಎಣ್ಣೆ ತೆಗೆಯುವ ವಿಧಾನಗಳನ್ನು ಹಳ್ಳಿಗಳಿಗೆ ಒಯ್ದಿತು. ಒಂದೇ ಜಾತಿಯ ತೋಪಿಗೆ ಬದಲಾಗಿ ಬದುವಿನ ಮೇಲೆ ಹಲವು ಬಗೆಯ ಮರ ಎಂಬ ಈ ನಿಲುವು ಜನಪದ ಪದ್ಧತಿಗೆ ಹತ್ತಿರವಾದುದು. ‘ಹಸಿರು ಹೊನ್ನು’, ‘ಬರಡು ಬಂಗಾರ’ ಎಂಬ ಸೊಗಸಾದ ಹೆಸರಿನ ಕಾರ್ಯಕ್ರಮಗಳಡಿ ಅರಣ್ಯದಂಚಿನ ಹಾಗೂ ಬಂಜರು ನೆಲಗಳಲ್ಲಿ ಗಿಡ ನೆಡಲಾಯಿತು.

ಹೆಸರುಗಳಿಂದ ಆರಂಭಿಸಿದ ಈ ಪ್ರಬಂಧ ‘ಬರಡು’ ಎಂಬ ಪದವನ್ನು ಪ್ರಶ್ನಿಸದೆ ಮುಂದೆ ಹೋಗಲಾಗದು. ಕಂದಾಯ ಕಡತಕ್ಕೆ ಬರಡಾದ ಗೋಮಾಳ ಕುರಿಗಾರನಿಗೆ ಮೇವು. ಬಡವರ ಮನೆಯ ಒಲೆಗೆ ಪುಳ್ಳೆ. ಬೇಸಗೆಯಲ್ಲಿ ಹಣ್ಣು, ಸೊಪ್ಪು, ಔಷಧಿಯ ಬೇರು. ಮರದಡಿಯ ಬೀಜವೂ ಯಾರದೂ ಅಲ್ಲದ ತ್ಯಾಜ್ಯವಾಗಿರಲಿಲ್ಲ. ಭೂಮಿಯಿಲ್ಲದ ಹೆಂಗಸಿಗೆ ಬೇಸಗೆಯ ಕೂಲಿಯಾಗಿತ್ತು. ಗಿಡ ನೆಡುವುದು ತಪ್ಪಲ್ಲ. ಆದರೆ ಅದರ ಬೀಜದ ಹಕ್ಕು ಯಾರದೆಂದು ಮೊದಲೇ ಗೊತ್ತುಮಾಡದೆ ನೆಟ್ಟರೆ, ಹೆಕ್ಕುವ ಕೈಗೆ ದಕ್ಕಬೇಕಾದ ಪಾಲು ದಲ್ಲಾಳಿಯ ಪಾಲಾಗುತ್ತದೆ. ಹೊಂಗೆಎಣ್ಣೆಗೆ ಸಾಬೂನು, ಕೀಟನಾಶಕಗಳ ಮಾರುಕಟ್ಟೆ ಕೊಡುವ ಬೆಲೆ ಇಂಧನದ ಬೆಲೆಯನ್ನು ಮೀರಿದಾಗ ಅದು ಅತ್ತಲೇ ಹರಿಯುತ್ತದೆ. ಕಾರ್ಖಾನೆಗಳ ಕಣ್ಣು ಅಗ್ಗದ ಕಚ್ಚಾವಸ್ತುವಾದ ಕರಿದ ಎಣ್ಣೆಯ ಮೇಲೆ ಬಿದ್ದದ್ದು ಈ ಕಾರಣದಿಂದ.

ಕರಿದ ಎಣ್ಣೆಯ ಪಯಣ

ಕರಿದ ಎಣ್ಣೆಯ ಸಮಸ್ಯೆ ಹಳೆಯ ಹಳ್ಳಿಗೆ ಬಹುಮಟ್ಟಿಗೆ ಇರಲಿಲ್ಲ. ಹಬ್ಬಕ್ಕೊಮ್ಮೆ ಬಾಣಲೆ ಏರುತ್ತಿತ್ತು. ಉಳಿದ ಎಣ್ಣೆ ಒಂದೆರಡು ದಿನದ ಒಗ್ಗರಣೆಗೆ ಸಂದು ಮುಗಿಯುತ್ತಿತ್ತು. ತಳದ ಗಸಿ ಬಾಗಿಲ ತಿರುಗುಣಿಗೋ ಬಂಡಿಯ ಅಚ್ಚಿಗೋ ಹೋಗುತ್ತಿತ್ತು. ನಗರದ ಬಾಣಲೆ ಒಲೆಯಿಂದ ಇಳಿಯುವುದೇ ಇಲ್ಲ. ಪದೇಪದೇ ಕಾಯಿಸಿದ ಎಣ್ಣೆಯಲ್ಲಿ ಧ್ರುವೀಯ ಸಂಯುಕ್ತಗಳೆಂಬ ಹಾನಿಕರ ವಸ್ತುಗಳು ಸೇರುತ್ತ ಹೋಗುತ್ತವೆ. ಇಂತಹ ಎಣ್ಣೆಯನ್ನು ಚರಂಡಿಗೆ ಸುರಿದರೆ ಅದು ಹೆಪ್ಪುಗಟ್ಟಿ ಕೊಳವೆಗಳನ್ನು ಕಟ್ಟುತ್ತದೆ. ಅದಕ್ಕಿಂತ ಘೋರವಾದದ್ದು ಮತ್ತೊಂದು ದಾರಿ. ದೊಡ್ಡ ಅಡುಗೆಮನೆಗಳಲ್ಲಿ ಬಳಸಿ ಕಪ್ಪಾದ ಎಣ್ಣೆ ಕಡಿಮೆ ಬೆಲೆಗೆ ಬೀದಿಬದಿಯ ಸಣ್ಣ ಬಾಣಲೆಗಳಿಗೆ ಇಳಿಯುತ್ತದೆ. ಉಳ್ಳವರು ತಿಂದುಬಿಟ್ಟದ್ದು ಇಲ್ಲದವರ ಹೊಟ್ಟೆಗೆ ಸೇರುತ್ತದೆ. ತಿನ್ನುವ ಎಣ್ಣೆಗೂ ಉರಿಸುವ ಎಣ್ಣೆಗೂ ನಡುವೆ ಜನಪದರು ಎಳೆದಿದ್ದ ಗೆರೆ ಇಲ್ಲಿ ಅಳಿಸಿಹೋಗಿದೆ.

ಈ ಗೆರೆಯನ್ನು ಕಾನೂನಿನ ಮೂಲಕ ಮತ್ತೆ ಎಳೆಯುವ ಪ್ರಯತ್ನ ೨೦೧೮ರಲ್ಲಿ ಆಯಿತು. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ನಿಯಮದಂತೆ ಅದೇ ಜುಲೈ ೧ರಿಂದ, ಧ್ರುವೀಯ ಸಂಯುಕ್ತಗಳು ಶೇಕಡ ೨೫ನ್ನು ಮೀರಿದ ಎಣ್ಣೆ ಅಡುಗೆಗೆ ನಿಷಿದ್ಧವಾಯಿತು. ಆ ಎಣ್ಣೆಯನ್ನು ಸಂಗ್ರಹಿಸಿ ಜೈವಿಕ ಡೀಸೆಲ್ ತಯಾರಕರಿಗೆ ತಲಪಿಸುವ ‘ರೂಕೋ’ ಎಂಬ ಕಾರ್ಯಕ್ರಮ ಆಗಸ್ಟಿನಲ್ಲಿ ಆರಂಭವಾಯಿತು. ೨೦೧೯ರ ಆಗಸ್ಟ್ ೧೦ರಂದು ಸರ್ಕಾರಿ ತೈಲ ಕಂಪನಿಗಳು ೧೦೦ ನಗರಗಳಲ್ಲಿ ಇಂತಹ ಇಂಧನವನ್ನು, ಮೊದಲ ವರ್ಷ ಲೀಟರಿಗೆ ೫೧ ರೂಪಾಯಿಯಂತೆ, ಖರೀದಿಸಲು ಆಸಕ್ತರನ್ನು ಆಹ್ವಾನಿಸಿದವು. ಐತಿಹ್ಯದ ದಿನವೇ ಇದಕ್ಕೆ ಮುಹೂರ್ತವಾದದ್ದು ಸ್ವಾರಸ್ಯಕರ.

ಖಾದ್ಯತೈಲದ ಅರ್ಧಕ್ಕೂ ಹೆಚ್ಚು ಭಾಗವನ್ನು ಆಮದು ಮಾಡಿಕೊಳ್ಳುವ ದೇಶ ಹೊಸ ಖಾದ್ಯತೈಲವನ್ನು ಇಂಜಿನ್ನಿಗೆ ಸುರಿಯಲಾಗದು. ತಿನ್ನುವುದನ್ನು ಉರಿಸಿದರೆ ಮನೆ ಬಡವಾಗುತ್ತದೆಂಬ ಅಜ್ಜಿಯ ಮಾತಿಗೆ ರಾಷ್ಟ್ರಮಟ್ಟದ ಅರ್ಥ ಇದು. ತಿಂದು ಮುಗಿಸಿದ, ಇನ್ನು ತಿನ್ನಬಾರದ ಎಣ್ಣೆಯನ್ನು ಉರಿಸುವುದು ಆ ಮಾತಿನ ಎರಡನೆಯ ಭಾಗಕ್ಕೆ ಒಪ್ಪುತ್ತದೆ. ಆದರೂ ಒಂದು ಕೊರತೆ ಉಳಿದಿದೆ. ದಿನಕ್ಕೆ ೫೦ ಲೀಟರಿಗಿಂತ ಹೆಚ್ಚು ಎಣ್ಣೆ ಬಳಸುವವರು ಲೆಕ್ಕ ಇಡಬೇಕೆಂಬುದು ನಿಯಮ. ಬೀದಿಬದಿಯ ತಳ್ಳುಗಾಡಿ ಈ ಲೆಕ್ಕದ ಹೊರಗಿದೆ. ಕಪ್ಪಾದ ಎಣ್ಣೆಗೆ ನ್ಯಾಯವಾದ ಬೆಲೆ ಆ ಗಾಡಿಯವರೆಗೂ ತಲಪದಿದ್ದರೆ ಅವನು ಅದನ್ನು ಚೆಲ್ಲಲಾರ, ಕೊಡಲಾರ, ಮತ್ತೆ ಕಾಯಿಸುತ್ತಾನೆ.

ಉಪಸಂಹಾರ

ಜೈವಿಕ ಡೀಸೆಲ್ ನಮ್ಮ ಪೂರ್ವಜರಿಗೆ ಗೊತ್ತಿದ್ದಿತೆಂದು ಈ ಪ್ರಬಂಧ ವಾದಿಸುತ್ತಿಲ್ಲ. ಗೊತ್ತಿರಲಿಲ್ಲ. ಎಸ್ಟರ್ ಕ್ರಿಯೆ ರಸಾಯನಶಾಸ್ತ್ರದ ಸಾಧನೆ. ಅದರ ಶ್ರೇಯಸ್ಸು ಅದನ್ನು ಕಂಡುಕೊಂಡವರಿಗೆ ಸಲ್ಲಬೇಕು. ಹಾಗೆಂದು ಎತ್ತಿನ ಗಾಣಕ್ಕೂ ಹೊಂಗೆಎಣ್ಣೆಯ ಬುಡ್ಡಿಗೂ ಮರಳಬೇಕೆಂಬ ಹಂಬಲವೂ ಇಲ್ಲಿಲ್ಲ. ಆ ಬೆಳಕು ಮಂದವಾಗಿತ್ತು. ಗಾಣದ ದುಡಿಮೆ ಕಠಿಣವಾಗಿತ್ತು. ಬೀಜ ಹೆಕ್ಕಿದವಳಿಗೆ ದೊರೆಯುತ್ತಿದ್ದ ಪ್ರತಿಫಲ ಅಂದೂ ಅಲ್ಪವೇ.

ಜನಪದರಲ್ಲಿ ಇದ್ದದ್ದು ಕಚ್ಚಾವಸ್ತುವಿನ ವಿವೇಕ. ಯಾವುದು ಹೊಟ್ಟೆಗೆ, ಯಾವುದು ದೀಪಕ್ಕೆ, ಯಾವ ಗಿಡ ಹೊಲಕ್ಕೆ, ಯಾವುದು ಬೇಲಿಗೆ ಎಂಬ ವಿಂಗಡಣೆ ಬಹುಕಾಲದ ಬಳಕೆಯಿಂದ ಬಂದ ತಿಳಿವಳಿಕೆ. ಕಾಡುಹರಳಿನ ಯೋಜನೆ ಅದನ್ನು ಕೇಳದೆ ಸೋತಿತು. ಬದುವಿನ ಹೊಂಗೆಯೂ ಕರಿದ ಎಣ್ಣೆಯ ಸಂಗ್ರಹವೂ ಗೊತ್ತಿದ್ದೋ ಗೊತ್ತಿಲ್ಲದೆಯೋ ಅದರ ಹಾದಿಗೆ ಬಂದಿವೆ. ಈ ಅರಿವನ್ನು ಹಾಡು, ಗಾದೆ, ಕಥೆಗಳಷ್ಟೇ ಶ್ರದ್ಧೆಯಿಂದ ದಾಖಲಿಸುವುದು ಜಾನಪದ ಅಧ್ಯಯನದ ಹೊಣೆ. ಊರೂರಿನ ಎಣ್ಣೆಮರಗಳು, ಅವುಗಳ ಬೀಜದ ಮೇಲಿನ ರೂಢಿಯ ಹಕ್ಕು, ಒಣಗಿಸುವ ಹಾಗೂ ಹಿಂಡುವ ಕ್ರಮ ಇವೆಲ್ಲವನ್ನು ಬಲ್ಲ ತಲೆಮಾರು ನಮ್ಮ ಕಣ್ಣೆದುರೇ ಸರಿದುಹೋಗುತ್ತಿದೆ. ಗಾಣ ನಿಂತ ಆ ಮನೆಯ ಅಜ್ಜಿಯೂ ಈಗಿಲ್ಲ. ಒರಳುಕಲ್ಲು ಅಂಗಳದ ಮೂಲೆಯಲ್ಲಿ ಮಳೆನೀರು ತುಂಬಿಕೊಂಡು ಕುಳಿತಿದೆ. ಅದರ ಪಕ್ಕದ ಹೊಂಗೆಯ ಮರ ಮಾತ್ರ ಪ್ರತಿ ಬೇಸಗೆಯೂ ಕಾಯಿ ಉದುರಿಸುತ್ತದೆ.